ಕೂಡಿಬಂದ ಗುಣ, ಕೂಡದ ಅಂಕ

(ವಿಜಯನಗರದ ಮನೆ. ಮಗ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಅರ್ಜಿಗೆ ಅಂಕ ಕೂಡುತ್ತಿದ್ದಾನೆ. ಹೆಸರಷ್ಟೇ ಎಕ್ಸ್‌ಪ್ರೆಸ್.)

ಅಮ್ಮ: ಬಸವೇಶ್ವರನಗರದ ಹುಡುಗಿ ಕಣೋ, 36ಕ್ಕೆ 28 ಗುಣ ಕೂಡಿದೆ!

ಮಗ: ನನ್ನ ಲೆಕ್ಕ 1,200ಕ್ಕೆ. ಹೆಂಡತಿ ಜೊತೆಗೆ ಬಂದರೆ ವಯಸ್ಸಿನ 110 ಅಂಕ 100ಕ್ಕೆ ಇಳಿಯುತ್ತೆ.

ಅಪ್ಪ: ಹಾಗಾದ್ರೆ 30 ತುಂಬಲಿ, ಆಮೇಲೆ ನೋಡೋಣ.

ಮಗ: ತುಂಬಿದ್ರೆ 105. 45ಕ್ಕೆ ಸೊನ್ನೆ.

ಅಮ್ಮ: ನಮ್ಮ ಶನಿಯೇ ವಾಸಿ, ಏಳೂವರೆ ವರ್ಷಕ್ಕೆ ಬಿಟ್ಟುಹೋಗ್ತಾನೆ.

ಅಪ್ಪ: ಕಾನ್ವೆಂಟ್ ಇಂಗ್ಲಿಷ್ ಇದೆಯಲ್ಲ?

ಮಗ: ಐಇಎಲ್‌ಟಿಎಸ್ ಬರೀಬೇಕು. ಫಲಿತಾಂಶಕ್ಕೆ ಎರಡೇ ವರ್ಷ ಆಯುಸ್ಸು.

ಅಪ್ಪ: ಆಮೇಲೆ ಇಂಗ್ಲಿಷ್ ಮರೆತುಹೋಗುತ್ತಾ?

ಮಗ: ಫ್ರೆಂಚ್ ಚೆನ್ನಾಗಿ ಬಂದ್ರೆ ಹೆಚ್ಚುವರಿ 50 ಅಂಕ.

ಅಮ್ಮ: ಕನ್ನಡಕ್ಕೆ?

ಮಗ: ಕಾಲಮ್ಮೇ ಇಲ್ಲ.

ಅಪ್ಪ: ಅಲ್ಲಿ ಯಾರಾದ್ರೂ ಕೆಲಸ ಕೊಡ್ತೀನಿ ಅಂದ್ರೆ?

ಮಗ: ಆ ಅಂಕಗಳನ್ನ 2025ರ ಮಾರ್ಚ್ 25ಕ್ಕೇ ತೆಗೆದುಹಾಕಿದ್ರಪ್ಪ.