ಮಾನ್ಯ ಟಾರ್ಗೆಟ್ ಸಾಹೇಬರಿಗೆ

ಮಾನ್ಯ ಟಾರ್ಗೆಟ್ ಸಾಹೇಬರೇ,

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಪೊರೆ ಬಂದ ಕಣ್ಣುಗಳ ಪರವಾಗಿ ನಮಸ್ಕಾರ. 1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದ ಮೇಲೆ ಎಷ್ಟೋ ಮಂತ್ರಿಗಳು ಬಂದು ಹೋದರು, ತಾವು ಮಾತ್ರ ಕುರ್ಚಿ ಬಿಟ್ಟೇಳಲಿಲ್ಲ. ತಮ್ಮ ದೆಸೆಯಿಂದ ಎಷ್ಟೋ ಅಜ್ಜಿಯರು ಮತ್ತೆ ಅಕ್ಕಿಯ ಕಲ್ಲು ಆರಿಸುತ್ತಿದ್ದಾರೆ. ಅದನ್ನು ಮರೆತರೆ ನಮ್ಮ ನಾಲಿಗೆಗೆ ಹುಳ ಬೀಳಲಿ.

ಆದರೆ ತಮ್ಮ ಲೆಕ್ಕದಲ್ಲೊಂದು ಮಜವಿದೆ. ಪೊರೆ ಆಪರೇಷನ್ ಮುಗಿದು ಕಣ್ಣಿಗೆ ಪಟ್ಟಿ ಬಿದ್ದ ಕೂಡಲೇ ರಿಜಿಸ್ಟರಿನಲ್ಲಿ ನಾವು ‘ಆಯಿತು’. ಕಪ್ಪು ಕನ್ನಡಕ, ಡ್ರಾಪ್ಸ್, ಒಂದು ಗ್ರೂಪ್ ಫೋಟೊ, ಶುಭಂ. ತೊಂದರೆ ಕೊಡುವ ಕಣ್ಣಿನ ಕತೆ ಶುರುವಾಗುವುದೇ ಆಮೇಲೆ.

ಪೊರೆ ತೆಗೆದ ಜಾಗದಲ್ಲಿ ಕೂರಿಸುವ ಲೆನ್ಸ್ ಪಾಪದ್ದು. ಯುದ್ಧವಿಮಾನದ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣಿನೊಳಗೆ ತಕರಾರಿಲ್ಲದೆ ಕೂತದ್ದನ್ನು ಗಮನಿಸಿಯೇ ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಮೊದಲ ಲೆನ್ಸ್ ಇಟ್ಟದ್ದು. ತಕರಾರು ಅದರ ಜತೆ ಒಳಗೆ ಹೋಗುವವರದ್ದು: ಉಪಕರಣದಲ್ಲಿ ಉಳಿದ ರಾಸಾಯನಿಕ, ಕೆಟ್ಟ ದ್ರಾವಣ, ಬ್ಯಾಕ್ಟೀರಿಯಾ. 2019ರ ಜುಲೈಯಲ್ಲಿ ಬೆಂಗಳೂರಿನ ಮಿಂಟೋದಂಥ ಹೆಸರುವಾಸಿ ಸರ್ಕಾರಿ ಕಣ್ಣಾಸ್ಪತ್ರೆಯಲ್ಲೇ ಪೊರೆ ತೆಗೆಸಿಕೊಂಡ ಹಲವರು ದೃಷ್ಟಿ ಕಳೆದುಕೊಂಡರು. ಬೆರಳು ತೋರಿದ್ದು ಆಪರೇಷನ್ನಿಗೆ ಬಳಸಿದ ಜೆಲ್‌ನ ಕಡೆಗೆ. ಅಂದಿನ ಎಣಿಕೆಯಲ್ಲಿ ಆ ಕಣ್ಣುಗಳೂ ‘ಆಯಿತು’ ಎಂದೇ ಸೇರಿರಬೇಕಲ್ಲವೇ?

ಸೋಂಕು ಅಪರೂಪ, ಒಪ್ಪಿದೆ. ಆದರೆ ಬಂದರೆ ಗಂಟೆಗಳ ಲೆಕ್ಕ. ಕಣ್ಣು ಕೆಂಡವಾಗುತ್ತದೆ, ರೆಪ್ಪೆ ಊದುತ್ತದೆ, ನಿನ್ನೆ ಕಂಡದ್ದು ಇವತ್ತು ಮಸುಕಾಗುತ್ತದೆ. ಕಪ್ಪುಗುಡ್ಡೆಯ ಕೆಳ ಅಂಚಿನಲ್ಲಿ ಕೀವು ಬಿಳಿ ಗೆರೆಯಾಗಿ ನಿಲ್ಲುತ್ತದೆ. ಆಗ ಬೇಕಾದದ್ದು ಕಣ್ಣಿನೊಳಕ್ಕೇ ಕೊಡುವ ಆಂಟಿಬಯಾಟಿಕ್ ಇಂಜೆಕ್ಷನ್, ಅದು ಗೊತ್ತಿರುವ ರೆಟಿನಾ ಡಾಕ್ಟರು. ಮನೆಯಲ್ಲಿರುವುದು ಬಚ್ಚಲೊಲೆಯ ಹೊಗೆ, ಮತ್ತು “ಆಪರೇಷನ್ ಅಂದ್ಮೇಲೆ ನೋವು ಇರ್ತದೆ, ಎರಡು ದಿನ ತಡ್ಕಳಿ ಅಜ್ಜಿ” ಎನ್ನುವ ಪಕ್ಕದ ಮನೆಯವರು.

ತಡೆದುಕೊಳ್ಳದೆ ಹೊರಟರೋ, ದಾರಿ ತಮಗೆ ಗೊತ್ತೇ ಇದೆ. ತುಮರಿ ಕಡೆಯವರಿಗೆ ಶರಾವತಿ ಹಿನ್ನೀರಿನ ಸೇತುವೆ ಬಂದದ್ದು 2025ರ ಜುಲೈಯಲ್ಲಿ. ಅಲ್ಲಿಯವರೆಗೆ ಸಂಜೆಯ ಲಾಂಚ್ ತಪ್ಪಿದರೆ ಬೆಳಗಿನ ಲಾಂಚ್, ಇಲ್ಲವೇ ಊರೆಲ್ಲ ಸುತ್ತಿ ಬರುವ ಬಳಸುದಾರಿ. ತೀರ್ಥಹಳ್ಳಿಯವರು ಮಣಿಪಾಲದ ಆಸ್ಪತ್ರೆಗೆ ಎಂದು ಹೊರಟರೆ ಆಗುಂಬೆ ಘಾಟಿಯ ಹದಿನಾಲ್ಕು ತಿರುವು, ಅದೂ ಮಳೆಗಾಲದಲ್ಲಿ ಗುಡ್ಡ ಜರಿಯದಿದ್ದರೆ. ಹೊಸನಗರದ ಒಳಹಳ್ಳಿಯವರು ಮೊದಲು ಬಸ್ ಬರುವ ರಸ್ತೆಗೆ ಬರಬೇಕು. ಬ್ಯಾಕ್ಟೀರಿಯಾಕ್ಕೆ ಟಿಕೆಟ್ಟೂ ಬೇಡ, ಟೈಮ್‌ಟೇಬಲ್ಲೂ ಬೇಡ.

ಆದ್ದರಿಂದ ಬಿನ್ನಹ. ತಮ್ಮ ರಿಜಿಸ್ಟರಿನಲ್ಲಿ ಇನ್ನೆರಡು ಕಾಲಂ ಎಳೆಸಿ: ‘ಮೂರನೇ ದಿನ ಕಣ್ಣು ನೋಡಿದವರು’, ‘ತಿಂಗಳ ಮೇಲೆ ಕಂಡದ್ದೆಷ್ಟು’. ಡ್ರಾಪ್ಸ್ ಡಬ್ಬಿಯ ಮೇಲೆ, ರಾತ್ರಿ ಹನ್ನೆರಡಕ್ಕೂ ಎತ್ತುವ ಒಂದು ಫೋನ್ ನಂಬರನ್ನು ಮಸುಕುಗಣ್ಣಿಗೂ ಕಾಣುವಷ್ಟು ದೊಡ್ಡಕ್ಷರದಲ್ಲಿ ಬರೆಸಿ. ಇದರಿಂದ ಸಾಧನೆಯ ಅಂಕಿ ಕೊಂಚ ಇಳಿದೀತು. ಬ್ಯಾನರಿನಲ್ಲಿ ಹಳೆಯ ಅಂಕಿಯನ್ನೇ ಹಾಕಿಕೊಳ್ಳಿ, ನಾವೇನೂ ಚಾಡಿ ಹೇಳುವುದಿಲ್ಲ.

ಇಂತಿ ತಮ್ಮ,
ಮಲೆನಾಡಿನ ಒಬ್ಬ ಫಲಾನುಭವಿ

ವಿ.ಸೂ.: ನನ್ನ ಬಲಗಣ್ಣಿನ ಪೊರೆ ಇನ್ನೂ ಹಾಗೇ ಇದೆ. ಮಾರ್ಚ್ 31ರೊಳಗೆ ಲೆಕ್ಕಕ್ಕೆ ಒಂದು ಕಡಿಮೆ ಬಿದ್ದರೆ ಹೇಳಿ ಕಳಿಸಿ.