ಮಲ್ಲಚಿತ್ತ ಮೀಮಾಂಸೆ: ಫುಟ್‌ಬಾಲ್ ಬಿಟ್ಟು ಕುಸ್ತಿಗೆ ಇಳಿದವನ ಹಟದ ಬಗ್ಗೆ ಹುಲಜಂತಿಯ ಕಟ್ಟೆಯಿಂದ

ಯಾವ ಶಾಸ್ತ್ರಕ್ಕೇ ಆಗಲಿ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳು ಇರಬೇಕೆಂದು ಬಲ್ಲವರು ವಿಧಿಸಿದ್ದಾರೆ. ಪ್ರಸ್ತುತ ಶಾಸ್ತ್ರದ ವಿಷಯ, ಫುಟ್‌ಬಾಲ್ ಆಡಿ ಬಂದು ವೃತ್ತಿಪರ ಕುಸ್ತಿಗೆ ಇಳಿದವನ ಚಿತ್ತವೃತ್ತಿ. ಅಧಿಕಾರಿ, ಅಂದರೆ ಇದನ್ನು ಓದಲು ಯೋಗ್ಯನು, ಒಮ್ಮೆಯಾದರೂ ಲಂಗೋಟಿ ಕಟ್ಟಿದವನು ಅಥವಾ ಕಟ್ಟಿದವರನ್ನು ಹೊರಗೆ ನಿಂತು ಬೈದವನು. ಸಂಬಂಧ ಮುಂದೆ ತಾನಾಗಿ ಗೊತ್ತಾದೀತು. ಪ್ರಯೋಜನ ಇಲ್ಲ, ಆದಕಾರಣ ಪಿಎಚ್‌ಡಿಗೆ ಲಾಯಕ್ಕು.

ಈ ಶಾಸ್ತ್ರ ಅವತರಿಸಿದ ಕ್ಷೇತ್ರ ಹುಲಜಂತಿ, ತಾಲೂಕು ಮಂಗಳವೇಢೆ, ಜಿಲ್ಲೆ ಸೊಲ್ಲಾಪುರ. ನಾವು ಅರ್ಜಿ ಬರೆಯುವುದು ಮರಾಠಿಯಲ್ಲಿ, ಜಗಳ ಆಡುವುದು ಕನ್ನಡದಲ್ಲಿ. ದೀಪಾವಳಿ ಅಮಾವಾಸ್ಯೆಯ ರಾತ್ರಿ ಮಾಳಿಂಗರಾಯನ ಗುಡಿಯ ಶಿಖರಕ್ಕೆ ಶಿವನೇ ಬಂದು ಮುಂಡಾಸ ಸುತ್ತುತ್ತಾನೆ ಎಂಬುದು ಇಲ್ಲಿನ ನಂಬಿಕೆ. ಸುತ್ತುವುದನ್ನು ಕಂಡವರಿಲ್ಲ, ಸುತ್ತಿದ್ದನ್ನು ಕಾಣದವರಿಲ್ಲ. ಗುರು ಬೀರಪ್ಪನ ಪಲ್ಲಕ್ಕಿ, ಶಿಷ್ಯ ಮಾಳಿಂಗರಾಯನ ಪಲ್ಲಕ್ಕಿ ಭೇಟಿಯಾಗುವ ಹೊತ್ತಿಗೆ ಭಂಡಾರ ಹಾರಿ ಜನ, ದನ, ಎಸ್‌ಟಿ ಬಸ್ಸು ಎಲ್ಲಾ ಒಂದೇ ಹಳದಿ. ಇಂಥ ಸ್ಥಳದಲ್ಲಿ ಅಮೆರಿಕದ ಕುಸ್ತಿಯ ವಿಚಾರ ಯಾಕೆ ಎಂದು ಕೇಳುವವರಿಗೆ ಉತ್ತರ: ಅಮೆರಿಕದಲ್ಲಿ ಕೂತು ನಮ್ಮ ಜಾತ್ರೆಯ ಮೇಲೆ ಪ್ರಬಂಧ ಬರೆಯುವವರನ್ನು ಯಾರೂ ಹೀಗೆ ಕೇಳುವುದಿಲ್ಲ.

ಮೊದಲು ಲಕ್ಷಣ. ಅಮೆರಿಕದವರ ಫುಟ್‌ಬಾಲಿನಲ್ಲಿ ಚೆಂಡು ದುಂಡಗಿಲ್ಲ. ಅದನ್ನು ಬಹುಪಾಲು ಕೈಯಲ್ಲೇ ಹಿಡಿದು ಓಡುತ್ತಾರೆ, ಹಿಡಿದವನ ಮೇಲೆ ಉಳಿದವರು ಬೀಳುತ್ತಾರೆ. ನಮ್ಮ ವಸ್ತಾದರಿಗೆ ಮೊಬೈಲಿನಲ್ಲಿ ಇದನ್ನು ತೋರಿಸಿದಾಗ ಅವರು ಒಂದು ಗಳಿಗೆ ನೋಡಿ, "ಮಾಸ್ತರ, ಇದು ಕುಸ್ತಿನ. ಚೆಂಡು ಸುಮ್ನ ನೆಪಕ್ಕ ಇಟ್ಟಾರ" ಎಂದರು. ಪಾಶ್ಚಾತ್ಯ ವಿದ್ವಾಂಸರು ಅಧ್ಯಾಯಗಟ್ಟಲೆ ಬರೆದರೂ ಇಷ್ಟು ಸ್ಪಷ್ಟವಾಗಿ ಹೇಳಿಲ್ಲ.

ಇನ್ನು ಇತಿಹಾಸ. 1925ರ ಜನವರಿ 8ರಂದು ನೆಬ್ರಾಸ್ಕಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರನಾಗಿದ್ದ ವೇಯ್ನ್ ಮನ್ ಎಂಬ ಭಾರಿ ಆಳು ಕನ್ಸಾಸ್ ಸಿಟಿಯಲ್ಲಿ 'ಸ್ಟ್ರ್ಯಾಂಗ್ಲರ್' ಲೂಯಿಸ್ ಎಂಬ ಜಗಜಟ್ಟಿಯನ್ನು ಸೋಲಿಸಿ ಪಟ್ಟ ಗೆದ್ದ. ಮನ್‌ಗೆ ಕುಸ್ತಿ ಅಷ್ಟಕ್ಕಷ್ಟೆ. ಆದರೆ ಮೈಕಟ್ಟಿತ್ತು, ಹೆಸರಿತ್ತು, ಟಿಕೆಟ್ ಖರ್ಚಾಗುತ್ತಿತ್ತು. ಲೂಯಿಸನ ಕಡೆಯವರೇ ಕೂಡಿ ಅವನನ್ನು ಗೆಲ್ಲಿಸಿದ್ದರು. ನಮ್ಮ ಕಡೆ ಇದಕ್ಕೆ ನೂರಾ ಕುಸ್ತಿ ಅನ್ನುತ್ತಾರೆ. ಮೂರು ತಿಂಗಳ ಮೇಲೆ, ಏಪ್ರಿಲ್ 15ರಂದು, ಫಿಲಡೆಲ್ಫಿಯಾದಲ್ಲಿ ಇದೇ ಮನ್‌ಗೆ ಸೋಲಬೇಕೆಂದು ಮಾತಾಗಿದ್ದ ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೊ, ಕಣಕ್ಕೆ ಇಳಿದ ಮೇಲೆ ಮಾತು ಮುರಿದು ನಿಜವಾಗಿಯೇ ಕುಸ್ತಿ ಹಿಡಿದುಬಿಟ್ಟ. ಪೈಲ್ವಾನನೊಬ್ಬ ಕುಸ್ತಿ ಹಿಡಿದದ್ದನ್ನೇ ಮೋಸ ಎಂದು ಬರೆದಿಟ್ಟ ಪ್ರಸಂಗಗಳಲ್ಲಿ ಇದಕ್ಕೆ ಅಗ್ರಪೂಜೆ ಸಲ್ಲಬೇಕು. ನಲವತ್ತು ದಾಟಿದ ಜಿಬಿಸ್ಕೊ ಮನ್‌ನನ್ನು ಮತ್ತೆ ಮತ್ತೆ ಚಿತ್ ಮಾಡಿದ.

ಈ ಜಿಬಿಸ್ಕೊ ನಮಗೆ ಹೊಸಬನಲ್ಲ. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ನಮ್ಮ ಗಾಮಾ ಪೈಲ್ವಾನನ ಮುಂದೆ ಎರಡೂವರೆ ತಾಸು ಹೊಟ್ಟೆಯಡಿಯಾಗಿ ನೆಲ ಕಚ್ಚಿ ಮಲಗಿ ಕುಸ್ತಿ ಸಮ ಮಾಡಿಕೊಂಡವನು ಇವನೇ. ಮುಂದಿನ ವಾರ ಮತ್ತೆ ಹಿಡಿಯೋಣವೆಂದರೆ ಕಣದ ಕಡೆ ಹಾಯಲಿಲ್ಲ. 1928ರಲ್ಲಿ ಪಟಿಯಾಲಕ್ಕೆ ಬಂದ, ಗಾಮಾನ ಕೈಯಲ್ಲಿ ಒಂದು ನಿಮಿಷವೂ ನಿಲ್ಲಲಿಲ್ಲ.

ಇಲ್ಲಿ ತರ್ಕಶಾಸ್ತ್ರದ ನೆರವು ಬೇಕು. ಮನ್ ಲೂಯಿಸನನ್ನು ಕೆಡವಿದ. ಜಿಬಿಸ್ಕೊ ಮನ್‌ನನ್ನು ಕೆಡವಿದ. ಗಾಮಾ ಜಿಬಿಸ್ಕೊನನ್ನು ಕೆಡವಿದ. ಅಂದಮೇಲೆ ಅಮೆರಿಕದ ಸಮಸ್ತ ಫುಟ್‌ಬಾಲಿಗೂ ಪಟಿಯಾಲದ ಮಣ್ಣಿಗೂ ನಡುವಿನ ಅಂತರ ಒಬ್ಬ ಪೋಲಿಷ್ ಮುದುಕ. ಅನುಮಾನ ಪ್ರಮಾಣದಲ್ಲಿ ಹೇತ್ವಾಭಾಸವಿದೆ ಎಂದು ಧಾರವಾಡದ ಕಡೆಯಿಂದ ಯಾರಾದರೂ ತಗಾದೆ ತೆಗೆಯಬಹುದು. ತೆಗೆಯಲಿ, ಅವರು ಮೊದಲು ಐವತ್ತು ಬೈಠಕ್ ಹೊಡೆದು ತೋರಿಸಲಿ.

ಮನ್ ಬರೀ ಮೈ ತಂದ. ಅವನ ನಂತರ ಬಂದ ಗಸ್ ಸೊನೆನ್‌ಬರ್ಗ್ ಫುಟ್‌ಬಾಲಿನಿಂದ ಒಂದು ಡಾವನ್ನೇ ತಂದ. ಆಳು ಗಿಡ್ಡ. 1928ರಲ್ಲಿ ರಾಷ್ಟ್ರೀಯ ಪಟ್ಟ ಗೆದ್ದ ಪ್ರಾವಿಡೆನ್ಸ್ ತಂಡದ ಆಟಗಾರ. 1929ರ ಜನವರಿಯಲ್ಲಿ ಬಾಸ್ಟನ್ನಿನಲ್ಲಿ ದೂರದಿಂದ ಓಡಿ ಬಂದು, ನೆಲ ಬಿಟ್ಟು ಹಾರಿ, ತಲೆಯನ್ನು ಲೂಯಿಸನ ಹೊಟ್ಟೆಗೆ ಕೊಟ್ಟು ಕೆಡವಿದ. ಅದಕ್ಕೆ ಹಾರುವ ಟ್ಯಾಕಲ್ ಎಂದು ಹೆಸರಾಯಿತು. ಜನ ಮುಗಿಬಿದ್ದರು. ವಸ್ತಾದರ ಆಕ್ಷೇಪಣೆ ಬೇರೆ: "ಎದುರಿನಾಂವ ಬಾಜೂಕ ಸರದ್ರ ಇಂವಾ ಎಲ್ಲಿ ಹೋಗಿ ಬೀಳ್ತಾನ?" ಅವರ ಶಂಕೆ ನಿಜವಾದದ್ದೂ ಉಂಟು: ಕೆಲವು ಸಲ ಸೊನೆನ್‌ಬರ್ಗ್ ಕಣದಾಚೆಗೇ ಹಾರಿಹೋದ.

ಈಗ ಮೂಲ ಪ್ರಮೇಯ: ಗೆಲ್ಲಬೇಕೆಂಬ ಹಟ ಇವರಲ್ಲಿ ಹೇಗಿರುತ್ತದೆ? ಗೆಲುವಿನಲ್ಲಿ ಇವರಿಗೂ ಗರಡಿಯವರಿಗೂ ಭೇದವಿಲ್ಲ, ಗೆದ್ದಾಗ ಎಲ್ಲರೂ ಒಂದೇ ತರಹ ಕುಣಿಯುತ್ತಾರೆ. ಭೇದ ಇರುವುದು ಸೋಲಿನ ಹಿಸ್ಸೆಯಲ್ಲಿ. ಫುಟ್‌ಬಾಲಿನ ಸೋಲು ಅಣ್ಣತಮ್ಮಂದಿರ ಹೊಲದ ಸಾತ್‌ಬಾರಾ ಉತಾರದ ಹಾಗೆ: ಹನ್ನೊಂದು ಹೆಸರು, ಜೊತೆಗೆ ಕೋಚಿನ ಬೋಜಾ, ರೆಫರಿಯ ತಕರಾರು. ಯಾರ ಪಾಲಿಗೆ ಎಷ್ಟು ಗುಂಟೆ ಎಂದು ಕೋರ್ಟಿನಲ್ಲೂ ತೀರದು. ಕುಸ್ತಿಯ ಉತಾರದಲ್ಲಿ ಒಂದೇ ಹೆಸರು, ಸರಹದ್ದೂ ಖಚಿತ: ಎರಡು ಭುಜದ ಹಿಂಬದಿಗೆ ಹತ್ತಿದ ಕೆಂಪು ಮಣ್ಣು. ಸೋತವನು ಕಣದಿಂದ ಎದ್ದು ಹೋಗುವಾಗ ಆ ಮಣ್ಣನ್ನು ತಾನೇ ಒರೆಸಿಕೊಳ್ಳಲಾರ, ಕೈ ಅಲ್ಲಿಗೆ ಎಟುಕುವುದಿಲ್ಲ. ಯಾರಾದರೂ ದೋಸ್ತ ಟವೆಲ್ಲು ಹಿಡಿದು ಬರಬೇಕು. ಬಹಳ ಸಲ ಯಾರೂ ಬರುವುದಿಲ್ಲ.

ಹಾಗಾಗಿ ಫುಟ್‌ಬಾಲಿನಿಂದ ಬಂದವನು ರಿಂಗಿನಲ್ಲಿ ಒಬ್ಬನೇ ನಿಂತಾಗ ಮೊದಲು ಹುಡುಕುವುದು ಉಳಿದ ಹತ್ತು ಜನರನ್ನು. ಅವನ ಈ ಸಂಕಟ ನೋಡಲಾಗದೆಯೇ ವೃತ್ತಿಪರ ಕುಸ್ತಿಯವರು ಟ್ಯಾಗ್ ಜೋಡಿ, ಕೋಟು ಹಾಕಿದ ಮ್ಯಾನೇಜರ್, ಕುರ್ಚಿ ಹಿಡಿದು ನುಗ್ಗುವ ಶತ್ರು, ಬೇಕೆಂದಾಗ ಮೂರ್ಛೆ ಹೋಗುವ ರೆಫರಿ ಇವರೆಲ್ಲರನ್ನೂ ಒದಗಿಸಿದರು ಎಂಬುದು ಈ ಪ್ರಬಂಧಕಾರನ ಸಿದ್ಧಾಂತ.

ಪೂರ್ವಪಕ್ಷಿ ಇಲ್ಲಿ ಎದ್ದು ನಿಂತು, ಫಲ ಮೊದಲೇ ಬರೆದಿಟ್ಟ ಆಟದಲ್ಲಿ ಹಟ ಎಲ್ಲಿಯದು ಎನ್ನುತ್ತಾನೆ. ಒಳ್ಳೆಯ ಪ್ರಶ್ನೆ. ಆದರೆ ಅವನು ನಮ್ಮ ಕಡೆಯ ಕುಸ್ತಿ ಮೈದಾನ ನೋಡಿಲ್ಲ. ಮೈದಾನದಲ್ಲಿ ಒಂದನೇ ನಂಬರಿನ ಕುಸ್ತಿ ಎಲ್ಲಕ್ಕಿಂತ ಕೊನೆಗೆ. ಮಧ್ಯಾಹ್ನ ತೆಂಗಿನಕಾಯಿಗಾಗಿ ಹಿಡಿಯುವ ಪುಟ್ಟ ಹುಡುಗರಿಂದ ಶುರುವಾಗಿ, ಹಲಗೆಯ ಪೆಟ್ಟು ಏರುತ್ತ ಏರುತ್ತ, ದೀಪ ಹಚ್ಚುವ ಹೊತ್ತಿಗೆ ದೊಡ್ಡ ಜೋಡಿ ಇಳಿಯುತ್ತದೆ. ಆ ಕೊನೆಯ ಜೋಡಿಗೆ ತನ್ನ ಹೆಸರು ಹಚ್ಚಿಸಿಕೊಳ್ಳಲು ಪೈಲ್ವಾನರು ಕಮಿಟಿಯವರ ಮನೆಗೆ ಎಷ್ಟು ಸಲ ಎಡತಾಕುತ್ತಾರೆ, ಕರಪತ್ರದಲ್ಲಿ ಫೋಟೋ ಎಷ್ಟು ದೊಡ್ಡದಿರಬೇಕೆಂದು ಹೇಗೆ ಕಾದಾಡುತ್ತಾರೆ ಎಂಬುದನ್ನು ಬಲ್ಲವನಿಗೆ ಅಮೆರಿಕದ ಹಟ ತಾನಾಗಿ ತಿಳಿಯುತ್ತದೆ. ಅಲ್ಲಿ ಸೆಣಸಾಟ ಎದುರಾಳಿಯೊಡನೆ ಅಲ್ಲ, ಗೆಲ್ಲುವವನು ಯಾರೆಂದು ಬರೆಯುವ ಕೈಯೊಡನೆ. ಅಟ್ಲಾಂಟಾ ಫಾಲ್ಕನ್ಸ್‌ನಲ್ಲಿ ಆಡಿದ್ದ ಗೋಲ್ಡ್‌ಬರ್ಗ್ 1998ರ ಡಿಸೆಂಬರ್‌ವರೆಗೆ ಸತತ 173 ಗೆದ್ದನೆಂದು ಸಾರಿದರು. ಲೆಕ್ಕದಲ್ಲಿ ಉಬ್ಬರವಿತ್ತು ಅನ್ನುವವರಿದ್ದಾರೆ. ಇರಲಿ, ಜಾತ್ರೆಯ ಕುಸ್ತಿಗಳ ಲೆಕ್ಕ ನಮ್ಮಲ್ಲಿ ಯಾವ ಪೈಲ್ವಾನ ಕಡಿಮೆ ಹೇಳಿದ್ದಾನೆ?

'ರಾಕ್' ಎಂದು ಜಗತ್ತೇ ಕರೆಯುವ ಡ್ವೇನ್ ಜಾನ್ಸನ್‌ನ ಕಥೆಯಲ್ಲಿ ಬರೆಯುವ ಕೈ ಇನ್ನೂ ಹತ್ತಿರದ್ದು. 1991ರಲ್ಲಿ ರಾಷ್ಟ್ರೀಯ ಪಟ್ಟ ಪಡೆದ ಮಯಾಮಿ ತಂಡದಲ್ಲಿ ಇದ್ದ. 1995ರಲ್ಲಿ ಕೆನಡಾದ ಕ್ಯಾಲ್ಗರಿ ತಂಡ ಕೈಬಿಟ್ಟಾಗ ಕಿಸೆಯಲ್ಲಿ ಉಳಿದದ್ದು ಏಳು ಡಾಲರ್. ಮುಂದೆ ಸಿನಿಮಾ ಕಂಪನಿ ಕಟ್ಟಿದಾಗ ಆ ಏಳು ಡಾಲರನ್ನೇ ಹೆಸರಾಗಿಟ್ಟ. ಆದರೆ ಅಜ್ಜ ಪೀಟರ್ ಮೈವಿಯಾ ಪೈಲ್ವಾನ, ಅಪ್ಪ ರಾಕಿ ಜಾನ್ಸನ್ ಪೈಲ್ವಾನ. ಇದನ್ನು ಫುಟ್‌ಬಾಲ್ ಹಿನ್ನೆಲೆ ಎನ್ನುವುದಕ್ಕಿಂತ ಮನೆಯ ವೃತ್ತಿಗೆ ತಡವಾಗಿ ಬಂದದ್ದು ಎನ್ನುವುದೇ ಸರಿ.

ಇಷ್ಟು ಬರೆದಾಗ ಕೊಲ್ಲಾಪುರ ನೆನಪಾಗಿ ಸಿದ್ಧಾಂತವೆಲ್ಲ ತಲೆಕೆಳಗಾಗುವ ಅಪಾಯ ಬಂತು. ಶಾಹೂ ಮಹಾರಾಜರು 1912ರಲ್ಲಿ ಖಾಸಬಾಗ ಮೈದಾನ ಕಟ್ಟಿಸಿದ ಊರು ಅದು; ನಮ್ಮ ಚಿಕ್ಕೋಡಿ ತಾಲೂಕಿನ ಎಕ್ಸಂಬಾದಿಂದ ಹೋಗಿ ಅಲ್ಲಿ ಮೈ ಬೆಳೆಸಿದ ಶ್ರೀಪತಿ ಖಂಚನಾಳೆ 1959ರಲ್ಲಿ ಹಿಂದ್ ಕೇಸರಿಯಾದರು. ಅದೇ ಊರು ಮಹಾರಾಷ್ಟ್ರದ ಫುಟ್‌ಬಾಲ್ ಹುಚ್ಚಿನ ಊರೂ ಹೌದು. ಅಲ್ಲಿನ ತಂಡಗಳ ಹೆಸರು ಕೇಳಿ: ಪಾಟಾಕಡೀಲ ತಾಲೀಮ ಮಂಡಳ, ದಿಲಬಹಾರ ತಾಲೀಮ ಮಂಡಳ, ಬಾಲಗೋಪಾಲ ತಾಲೀಮ, ಖಂಡೋಬಾ ತಾಲೀಮ ಮಂಡಳ. ಒಂದೊಂದೂ ಪೇಟೆಯ ಗರಡಿಮನೆಯ ಹೆಸರಿನಲ್ಲಿ ಚೆಂಡು ಒದೆಯುವ ತಂಡ. ಅಮೆರಿಕದಲ್ಲಿ ಫುಟ್‌ಬಾಲಿನವರು ಕುಸ್ತಿಗೆ ಬಂದರೆ ಕೊಲ್ಲಾಪುರದಲ್ಲಿ ಗರಡಿಗಳೇ ಫುಟ್‌ಬಾಲಿಗೆ ಹೋದವು. ಶಾಹೂ ಸ್ಟೇಡಿಯಮ್ಮಿನಲ್ಲಿ ಎರಡು ತಾಲೀಮುಗಳು ಎದುರಾದ ದಿನ ಹಟದ ಮೀಮಾಂಸೆ ಮಾಡಬೇಕೆನ್ನುವವನು ಗ್ಯಾಲರಿಯಲ್ಲಿ ಯಾವ ಪೇಟೆಯವರ ಪಕ್ಕ ಕೂತಿದ್ದೇನೆಂದು ಮೊದಲೇ ವಿಚಾರಿಸಿಕೊಂಡರೆ ಕ್ಷೇಮ. ಅಲ್ಲಿ ಸೋಲಿನ ಉತಾರಕ್ಕೆ ಹನ್ನೊಂದು ಹೆಸರು ಸಾಲುವುದಿಲ್ಲ, ಇಡೀ ಪೇಟೆಯೇ ಖಾತೇದಾರ.

ಚೆಂಡಿಲ್ಲದೆ ಒದೆಯುವ ಮೂರನೆಯ ಪಂಥವೂ ಒಂದಿದೆ. 2025ರ ಫೆಬ್ರುವರಿಯಲ್ಲಿ ಅಹಿಲ್ಯಾನಗರದ ಮಹಾರಾಷ್ಟ್ರ ಕೇಸರಿ ಪಂದ್ಯದಲ್ಲಿ ಸೆಮಿಫೈನಲ್ ಸೋತ ಪೈಲ್ವಾನರೊಬ್ಬರು ಪಂಚರಿಗೆ ಕಾಲೆತ್ತಿದರು. ಮೂರು ವರ್ಷದ ನಿಷೇಧ ಬಂತು. ಇದನ್ನು ಫುಟ್‌ಬಾಲ್ ಪ್ರಭಾವವೆಂದು ವರ್ಗೀಕರಿಸಲು ಪ್ರಬಂಧಕಾರನಿಗೆ ಬಹಳ ಆಸೆ. ಆದರೆ ಫುಟ್‌ಬಾಲಿನಲ್ಲೂ ರೆಫರಿಯನ್ನು ಒದೆಯುವಂತಿಲ್ಲವಂತೆ.

ಉಳಿದದ್ದು ಬಿರುದಿನ ವಿಚಾರ. ಅವರು ಗೆದ್ದವನ ಸೊಂಟಕ್ಕೆ ಬಂಗಾರಬಣ್ಣದ ಬೆಲ್ಟು ಕಟ್ಟುತ್ತಾರೆ, ನಾವು ತಲೆಗೆ ಫೇಟ ಸುತ್ತಿ ಹೆಗಲಿಗೆ ಗದೆ ಕೊಡುತ್ತೇವೆ. ಬೆಲ್ಟನ್ನು ಮುಂದಿನ ತಿಂಗಳು ಇನ್ನೊಬ್ಬ ಬಿಚ್ಚಿಕೊಂಡು ಹೋಗುತ್ತಾನೆ. ಫೇಟ ಮನೆಗೆ ಬರುತ್ತದೆ, ಆಮೇಲೆ ಮೊಮ್ಮಗನ ತೊಟ್ಟಿಲಿಗೋ ಜೋಳದ ಚೀಲದ ಬಾಯಿಗೋ ಆಗುತ್ತದೆ. ಈ ಊರಲ್ಲಿ ಮುಂಡಾಸದ ಮಾತನ್ನು ಇನ್ನೂ ಬೆಳೆಸುವುದು ಕ್ಷೇಮವಲ್ಲ.

ಕರಡನ್ನು ವಸ್ತಾದರ ಮುಂದೆ ಓದಿದೆ. ಅವರು ಕಣದ ಮಣ್ಣಿಗೆ ಹಾಕಲು ತಂದ ಮಜ್ಜಿಗೆಯ ಕೊಡ, ಅರಿಶಿನದ ಪುಡಿ, ನಿಂಬೆಹಣ್ಣು ಎಣಿಸುತ್ತ ಕೊನೆಯವರೆಗೂ ಕೇಳಿದರು. ಗಾಮಾನ ಕಡೆ ಬಂದಾಗ ಮಾತ್ರ ಎರಡು ಕೈ ಜೋಡಿಸಿದರು. ಆಮೇಲೆ, "ಎಲ್ಲಾ ಬರೋಬರಿ ಐತ್ರಿ ಮಾಸ್ತರ. ಆ ಫುಟ್‌ಬಾಲ್ ಪೈಲ್ವಾನಗ ಹಟ ಭಾಳ ಐತಿ ಅಂತೀರಲ್ಲ, ನಾಳೆ ಮುಂಜಾನೆ ನಾಕಕ್ಕ ಬರಾಕ ಹೇಳ್ರಿ. ಮಣ್ಣು ಅಗಿಯಾಕ ಇಬ್ರು ಕಮ್ಮಿ ಅದಾರ. ಇನ್ನೊಬ್ರು ನೀವು" ಎಂದರು.