ಬಾಲೋಪಸರ್ಗ ಮೀಮಾಂಸೆ

ಇಂಗ್ಲಿಷ್ ಕ್ರಿಯಾಪದಗಳಿಗೆ ಬಾಲವಿದೆ. ಪುಟ್, ಗೆಟ್, ಟೇಕ್, ಗೋ ಮುಂತಾದ ಧಾತುಗಳ ಹಿಂದೆ ಅಪ್, ಡೌನ್, ಇನ್, ಔಟ್, ಆನ್, ಆಫ್ ಎಂಬ ತುಂಡುಪದಗಳು ಬಂದು ನಿಲ್ಲುತ್ತವೆ. ನಿಂತೊಡನೆ ಧಾತುವಿಗೆ ತಾನು ಯಾರೆಂಬುದೇ ಮರೆತುಹೋಗುತ್ತದೆ. ಗಿವ್ ಎಂದರೆ ಕೊಡುವುದು. ಗಿವ್ ಅಪ್ ಎಂದರೆ ಕೈಬಿಡುವುದು, ಗಿವ್ ಇನ್ ಎಂದರೆ ಸೋಲೊಪ್ಪುವುದು. ಕೊಡುವವನು ಎಲ್ಲಿ ಹೋದ ಎಂದು ಕೇಳಿದರೆ ಇಂಗ್ಲಿಷರು ಹವಾಮಾನದ ಮಾತು ತೆಗೆಯುತ್ತಾರೆ. ಈ ತುಂಡುಪದಗಳಿಗೆ ಪ್ರಸ್ತುತ ಗ್ರಂಥದಲ್ಲಿ ಬಾಲೋಪಸರ್ಗ ಎಂಬ ಸಂಜ್ಞೆಯನ್ನು ವಿಧಿಸಲಾಗಿದೆ. ಉಪಸರ್ಗ ಮುಂದೆ ಬರಬೇಕಲ್ಲವೇ ಎಂದು ಆಕ್ಷೇಪಿಸುವವರು ಸಂಜ್ಞೆಯ ಮೊದಲೆರಡು ಅಕ್ಷರಗಳನ್ನು ಮತ್ತೊಮ್ಮೆ ಓದತಕ್ಕದ್ದು.

ಪೂರ್ವಸೂರಿಗಳನ್ನು ನೆನೆಯದೆ ಮುಂದುವರಿಯುವುದು ಅಶಾಸ್ತ್ರೀಯ. ಹೊರನಾಡಿನವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಈ ಜೋಡಿಗಳೇ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಪೀಠಿಕೆಯಲ್ಲೇ ಒಪ್ಪಿಕೊಂಡಿದ್ದಾನೆ. ಒಪ್ಪಿಕೊಂಡನೇ ಹೊರತು ಕ್ಷಮೆ ಕೇಳಲಿಲ್ಲ. ಫ್ರೇಸಲ್ ವರ್ಬ್ ಎಂಬ ಈಗಿನ ಹೆಸರನ್ನು 1925ರಲ್ಲಿ ಅಚ್ಚಿಗೆ ತಂದವನು ಲೋಗನ್ ಪಿಯರ್ಸಾಲ್ ಸ್ಮಿತ್. ಅದನ್ನು ಸೂಚಿಸಿದ್ದು ತಾನಲ್ಲ, ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ ಎಂದು ಆತ ಬರೆದಿಟ್ಟ. ಇದನ್ನು ವಿನಯವೆನ್ನುವವರಿದ್ದಾರೆ, ಮುಂದಿನ ಪೀಳಿಗೆಯ ಶಾಪಕ್ಕೆ ಸರಿಯಾದ ವಿಳಾಸ ಒದಗಿಸಿದ ಜಾಣತನವೆಂಬುದು ನಮ್ಮ ಮತ. ಅದೇ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ಸೆಟ್ ಎಂಬ ಧಾತುವಿನದು. ಮೂರೇ ಅಕ್ಷರದ ಇಂಗ್ಲಿಷ್ ಪದಕ್ಕೆ ಹತ್ತಿರ ಹತ್ತಿರ 430 ಅರ್ಥ. ಸೆಟ್ ಅಪ್, ಸೆಟ್ ಇನ್, ಸೆಟ್ ಆಫ್, ಸೆಟ್ ಔಟ್ ಎಂದು ಬಾಲಗಳನ್ನು ಸಾಕಿಕೊಂಡವರ ಮನೆ ಇಕ್ಕಟ್ಟಾಗದೆ ಇನ್ನೇನಾದೀತು?

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ಇದು ನಮ್ಮಲ್ಲೂ ಉಂಟು, ಹೃ ಧಾತು ಒಂದೇ, ಆದರೆ ಆಹಾರ, ವಿಹಾರ, ಸಂಹಾರ, ಪರಿಹಾರ ಎಲ್ಲವೂ ಬೇರೆ ಬೇರೆ. ಉಂಟು, ನಿಜ. ಸಂಸ್ಕೃತದ ಉಪಸರ್ಗಗಳು 22, ಅವೂ ಧಾತುವನ್ನು ಎಳೆದುಕೊಂಡು ಹೋಗುವ ಜಾತಿಯವೇ. ಆದರೆ ಅವು ಧಾತುವಿಗೆ ಅಂಟಿಕೊಂಡು ಬರುತ್ತವೆ. ವೇದದ ಭಾಷೆಯಲ್ಲಿ ಮಾತ್ರ ಉಪಸರ್ಗ ಒಂದು ಕಡೆ, ಕ್ರಿಯಾಪದ ಇನ್ನೊಂದು ಕಡೆ, ನಡುವೆ ನಾಲ್ಕು ಮಾತು ಇರುವುದುಂಟು. ಲೌಕಿಕ ಸಂಸ್ಕೃತ ಆ ಸ್ವಾತಂತ್ರ್ಯವನ್ನು ಕಿತ್ತುಕೊಂಡಿತು. ಇಂಗ್ಲಿಷಿನಲ್ಲಿ ಅದು ಇಂದಿಗೂ ಇದೆ. ಸ್ವಿಚ್ ಆಫ್ ದ ಲೈಟ್ ಅಂದರೂ ಸರಿ, ಸ್ವಿಚ್ ದ ಲೈಟ್ ಆಫ್ ಅಂದರೂ ಸರಿ. ಲೈಟ್ ಬದಲು ಇಟ್ ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು. ಕೊನೆಯಲ್ಲಿ ಕೂತರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ಸೂತ್ರ: ಮಧ್ಯೇ ಸರ್ವನಾಮ. ಲುಕ್ ಆಫ್ಟರ್ ಮುಂತಾದವಕ್ಕೆ ಇದು ಅನ್ವಯಿಸದು. ಏಕೆಂದು ಕೇಳುವ ಶಿಷ್ಯನನ್ನು ನೀರು ತರಲು ಕಳುಹಿಸತಕ್ಕದ್ದು. ಒಟ್ಟಿನಲ್ಲಿ ಇಂಗ್ಲಿಷರು ಇನ್ನೂ ವೇದಕಾಲದಲ್ಲಿದ್ದಾರೆಂದು ಸಿದ್ಧವಾಯಿತು.

ಇನ್ನು ಗೋ ಆಫ್ ಅಧಿಕರಣ. ವಿಷಯ: ಅಲಾರಾಂ ವೆಂಟ್ ಆಫ್, ಬಡಿದುಕೊಂಡಿತು. ಲೈಟ್ ವೆಂಟ್ ಆಫ್, ಆರಿತು. ಹಾಲು ವೆಂಟ್ ಆಫ್, ಕೆಟ್ಟಿತು. ಪಟಾಕಿ ವೆಂಟ್ ಆಫ್, ಸಿಡಿಯಿತು. ಸಂಶಯ: ಹೊತ್ತಿದ್ದು ಆರುವುದಕ್ಕೂ ಸುಮ್ಮನಿದ್ದದ್ದು ಬಡಿದುಕೊಳ್ಳುವುದಕ್ಕೂ ಒಂದೇ ಪದ ಹೇಗೆ? ಪೂರ್ವಪಕ್ಷ: ಆಫ್ ಎಂದರೆ ನಿಲ್ಲುವುದು, ಆದ್ದರಿಂದ ಅಲಾರಾಂ ಪ್ರಯೋಗ ಅಸಾಧು. ಸಿದ್ಧಾಂತ: ಹಾಗಲ್ಲ. ನಾಲ್ಕರಲ್ಲೂ ಸಮಾನವಾಗಿ ನಿಂತುಹೋದದ್ದು ಮನೆಯವರ ನೆಮ್ಮದಿ. ಆದ್ದರಿಂದ ಗೋ ಆಫ್ ಎಂದರೆ ನೆಮ್ಮದಿ ಹೋಗುವುದು. ಹೇಳದೆ ಕೇಳದೆ ಎದ್ದು ಹೋದವನಿಗೂ ಗೋ ಆಫ್ ಎನ್ನುತ್ತಾರಲ್ಲ, ಅವನಿಂದ ಯಾರ ನೆಮ್ಮದಿ ಹೋಯಿತು? ಹೋದವನು ನೆಂಟನಾಗಿದ್ದರೆ ವಿಕಲ್ಪ.

ಫಾರಂ ತುಂಬುವುದಕ್ಕೆ ಫಿಲ್ ಇನ್ ಎಂದೂ ಹೇಳುತ್ತಾರೆ, ಫಿಲ್ ಔಟ್ ಎಂದೂ ಹೇಳುತ್ತಾರೆ. ಒಳಗೂ ಹೊರಗೂ ಒಂದೇ ಎಂಬ ಈ ದರ್ಶನವನ್ನು ಅದ್ವೈತಿಗಳ ವಿಚಾರಕ್ಕೆ ಬಿಟ್ಟು ಮುಂದೆ ಹೋಗೋಣ.

ನಮ್ಮ ನಾಡಿನವರು ಬಾಲಗಳನ್ನು ಬಳಸುವ ರೀತಿ ಸ್ವತಂತ್ರವಾದದ್ದು. ಕೋಪ್ ವಿತ್ ಎಂಬ ಒಂಟಿ ಬಾಲದ ಧಾತುವನ್ನು ನೋಡಲಾರದೆ ಕೋಪ್ ಅಪ್ ವಿತ್ ಎಂದು ಇನ್ನೊಂದು ಬಾಲ ಕಟ್ಟಿದ ಕರುಣೆ ಭಾರತೀಯರದು. ಬೆಂಗಳೂರಿನ ಹುಡುಗ ಅಮೆರಿಕದಲ್ಲಿ, ತಾನು ಎಂಜಿನಿಯರಿಂಗ್ ಕಾಲೇಜಿನಿಂದ ಪಾಸ್ ಔಟ್ ಆದೆನೆಂದು ಹೆಮ್ಮೆಯಿಂದ ಹೇಳಿದರೆ, ಕೇಳಿದವರಿಗೆ ಆತ ಮೂರ್ಛೆ ಹೋದನೆಂದು ತಿಳಿಯುತ್ತದೆ. ನಾಲ್ಕು ವರ್ಷದ ಶುಲ್ಕ ಕಟ್ಟಿದ ಅಪ್ಪನನ್ನು ಕೇಳಿದರೆ ಎರಡರ್ಥವೂ ಕೂಡುತ್ತದೆ.

ಈಗ ಅಪ್. ಮೇಕಪ್, ಗೆಟಪ್, ಸೆಟಪ್, ಬಿಲ್ಡಪ್, ಪಿಕಪ್, ಚೆಕಪ್, ಲಾಕಪ್, ಪ್ಯಾಕಪ್: ಕನ್ನಡದಲ್ಲಿ ಇಷ್ಟೊಂದು ಅಪ್‌ಗಳು ಮನೆಮಾಡಿವೆ, ಒಂದೂ ಮೇಲಕ್ಕೆ ಹೋಗುವುದಿಲ್ಲ. ಲಾಕಪ್ಪಿಗೆ ಹೋದವನು ಕೆಳಗೇ ಕೂರುತ್ತಾನೆ. ಹಳಗನ್ನಡದ ಅಪ್ಪುದು ಎಂಬುದೇ ಸವೆದು ಇಂಗ್ಲಿಷಿನ ಅಪ್ ಆಯಿತೆಂದು ವಾದಿಸುವ ಪಂಥವೊಂದು ಇನ್ನೂ ಹುಟ್ಟಿಲ್ಲದಿರುವುದು ನನಗೆ ಆಶ್ಚರ್ಯ. ಬಹುಶಃ ಈ ಪ್ರಬಂಧ ಪ್ರಕಟವಾಗಲೆಂದು ಕಾಯುತ್ತಿದೆ. ಅಪ್ ಎಂಬ ಬಾಲ ಸಾಲದೆ ಕನ್ನಡಿಗ ತನ್ನದನ್ನೂ ಸೇರಿಸುತ್ತಾನೆ. ಲಾಕಪ್ಪಿಗೆ ಹಾಕಿಬಿಟ್ಟರು ಎಂಬಲ್ಲಿ ಲಾಕ್‌ಗೆ ಅಪ್, ಅದಕ್ಕೆ ವಿಭಕ್ತಿ, ಆಮೇಲೆ ಹಾಕು, ಅದರ ಹಿಂದೆ ಬಿಡು. ಬಿಟ್ಟರು ಎಂದು ಕೊನೆಯಾಗುವ ಈ ವಾಕ್ಯದಲ್ಲಿ ಯಾರನ್ನೂ ಬಿಟ್ಟಿಲ್ಲ. ತಿಂದುಹಾಕಿದ, ಮುಗಿದುಹೋಯಿತು, ಹೇಳಿಬಿಟ್ಟ ಎನ್ನುವ ನಾವು ಇಂಗ್ಲಿಷರನ್ನು ನೋಡಿ ನಗುವುದು ಅಷ್ಟು ಚೆನ್ನಾಗಿ ಕಾಣದು.

ಇಷ್ಟಾದ ಮೇಲೆ ಪ್ರಧಾನ ಪ್ರಶ್ನೆ: ಅಧಿಕಾರ ಯಾರದು, ಧಾತುವಿನದೋ ಬಾಲದ್ದೋ? ವೈಯಾಕರಣರು ಧಾತುವಿನದೆನ್ನುತ್ತಾರೆ. ಅವರು ತಾಲ್ಲೂಕು ಕಚೇರಿ ಕಂಡವರಲ್ಲ. ಅಲ್ಲಿ ಕುರ್ಚಿಯಲ್ಲಿ ಕೂತವರು ಸಾಹೇಬರು. ಫೈಲು ಮೇಲೆ ಬರಬೇಕೋ ಒಳಗೇ ಉಳಿಯಬೇಕೋ ಹೊರಗೆ ಹೋಗಬೇಕೋ ಎಂದು ತೀರ್ಮಾನಿಸುವವನು ಹಿಂದೆ ನಿಂತ ಜವಾನ. ಈ ಸತ್ಯವನ್ನು ವಿದ್ವಾಂಸರಿಗಿಂತ ಮೊದಲು ಕಂಡುಕೊಂಡವರು ಕನ್ನಡದ ಗೃಹಸ್ಥರು. ಸ್ವಿಚ್ ಆನ್, ಟರ್ನ್ ಆಫ್ ಎಂಬ ಜೋಡಿಗಳು ಮನೆಗೆ ಬಂದಾಗ ಅವರು ಧಾತುವನ್ನು ಹೊಸ್ತಿಲಲ್ಲೇ ಬಿಟ್ಟು ಬಾಲವನ್ನಷ್ಟೇ ಒಳಕ್ಕೆ ಕರೆದರು. ಫ್ಯಾನ್ ಆನ್ ಮಾಡು, ಮೋಟರ್ ಆಫ್ ಮಾಡು. ಗಾಡಿ ಆಫ್ ಆಯಿತು. ಮೂಡ್ ಆಫ್ ಆಗಿದೆ. ಕೆಲಸ ಎಲ್ಲ ನಡೆಯುತ್ತಿದೆ. ಸ್ವಿಚ್, ಟರ್ನ್ ಎಂಬ ಸಾಹೇಬರು ಎಲ್ಲಿ ಎಂದು ಇದುವರೆಗೆ ಯಾರೂ ವಿಚಾರಿಸಿಲ್ಲ.

ಆದಕಾರಣ ಕನ್ನಡ ವ್ಯಾಕರಣ ಬರೆಯುವವರಲ್ಲಿ ಒಂದು ಅರಿಕೆ. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಅವ್ಯಯ ಪ್ರಕರಣ ಕೊನೆಯದು. ಕೊನೆಯದಾದ್ದರಿಂದ ಮುಂದಕ್ಕೆ ಜಾಗವಿದೆ. ಆನ್, ಆಫ್, ಔಟ್ ಮೂವರನ್ನೂ ಯಾವ ತಕರಾರಿಲ್ಲದೆ ಅಲ್ಲಿ ಸೇರಿಸಿಕೊಳ್ಳಿ. ಅಪ್ ಬಂದರೆ ಮಾತ್ರ ವಾಸಸ್ಥಳ ದೃಢೀಕರಣ ಪತ್ರ ಕೇಳಿ. ಮೇಲಿನ ಮನೆ ಎಂದು ವಿಳಾಸ ಕೊಡುತ್ತಾನೆ, ಅಲ್ಲಿ ಒಂದು ದಿನವೂ ಸಿಗುವುದಿಲ್ಲ.